ಮಂಗಳವಾರದ ಕಾಲು

ಯಲ್ಮಾರಿಯ ಎಡಗಾಲಿಗೆ ವಾರದಲ್ಲಿ ಎರಡು ರೂಪಗಳಿದ್ದವು. ಮಂಗಳವಾರ ಬ್ಯಾಂಡೇಜು ಬಿಚ್ಚಿದರೆ ಚರ್ಮ ಕೆಂಪಗೆ ಕಾದು, ಗಾಯದ ಸುತ್ತ ಸಾಸಿವೆ ಕಾಳಿನಂಥ ಗುಳ್ಳೆಗಳೆದ್ದು, ನೀರು ಒಸರುತ್ತಿರುತ್ತಿತ್ತು. ಶುಕ್ರವಾರ ಬಿಚ್ಚಿದರೆ ಅದೇ ಕಾಲು ತಣ್ಣಗಾಗಿ, ಗಾಯದ ಅಂಚಿನಲ್ಲಿ ಹೊಸ ಚರ್ಮ ತೆಳ್ಳಗೆ ಮೂಡಿರುತ್ತಿತ್ತು. ಮುಂದಿನ ಮಂಗಳವಾರ ಮತ್ತೆ ಮೊದಲಿನಂತೆ. ಎರಡು ವರ್ಷ ಹೀಗೇ ನಡೆಯಿತು.

ನಾನಾಗ ಪೆತಾಯ ಕೆರೆಯ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆ ತಿರುಗುವ ನರ್ಸು. ಯಲ್ಮಾರಿಗೆ ಎಪ್ಪತ್ತೊಂದು ವರ್ಷ, ಮದುವೆಯಾಗದವನು. ಹರೆಯವನ್ನೆಲ್ಲ ಚಳಿಗಾಲದಲ್ಲಿ ಮರ ಕಡಿಯುತ್ತ, ಹಿಮ ಕರಗುವ ಕಾಲಕ್ಕೆ ಹೊಳೆಯಲ್ಲಿ ತೊಡೆಮಟ್ಟ ನಿಂತು ದಿಮ್ಮಿ ತೇಲಿಸುತ್ತ ಕಳೆದಿದ್ದ. ಅಂಥವರ ಕಾಲು ಮುದಿತನದಲ್ಲಿ ಹುಣ್ಣಾಗಿ ಬಾಯಿ ಬಿಡುವುದು ಹೊಸದೇನಲ್ಲ. ಬಿಗಿಯಾಗಿ ಪಟ್ಟಿ ಸುತ್ತಿ, ಸ್ಟೂಲಿನ ಮೇಲೆ ಕಾಲಿಡಿಸಿ ಕೂರಿಸಿದರೆ ಕೆಲವು ತಿಂಗಳಲ್ಲಿ ಮಾಯುತ್ತದೆ. ಇವನದು ಮಾಯಲಿಲ್ಲ. ದಕ್ಷಿಣದಿಂದ ಬಂದಿದ್ದ ಎಳೆಯ ಡಾಕ್ಟರಮ್ಮ ಮೂರು ಸಲ ಮುಲಾಮು ಬದಲಿಸಿದಳು. ಕೊನೆಗೆ, ಈ ಚಳಿಗಾಲದೊಳಗೆ ಗುಣ ಕಾಣದಿದ್ದರೆ ಪೇಟೆಯ ವೃದ್ಧರ ವಾರ್ಡಿಗೆ ಸೇರಿಸಬೇಕಾಗುತ್ತದೆ, ಆಮೇಲೆ ಕಾಲು ಉಳಿದರೆ ಉಳಿಯಿತು ಅಂದಳು.

ಯಲ್ಮಾರಿ ಕೇಳಿದ್ದು ಒಂದೇ ಮಾತು. ಆ ವಾರ್ಡಿನ ಕಿಟಕಿಯಿಂದ ಕೆರೆ ಕಾಣುತ್ತದೆಯೇ ಎಂದು. ಇಲ್ಲ, ಕಾರು ನಿಲ್ಲಿಸುವ ಜಾಗ ಕಾಣುತ್ತದೆ ಎಂದು ಅವಳು ನಿಜವನ್ನೇ ಹೇಳಿದಳು.

ಅವನಿಗೆ ಕೆರೆ ಯಾಕೆ ಬೇಕು ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಕೆರೆಯ ಆಚೆ ದಡದಲ್ಲಿ ಸೈಮಿಯ ಮನೆ. ಅವಳ ಗಂಡ ಓಸ್ಕಾರಿ ಮತ್ತು ಯಲ್ಮಾರಿ ಒಂದೇ ಗರಗಸದ ಎರಡು ಹಿಡಿ ಹಿಡಿದು ಮರ ಕೊಯ್ದವರು. ಯುದ್ಧದಿಂದ ಬಂದವರಿಗೆ ಸರ್ಕಾರ ನೆಲ ಹಂಚಿದಾಗ, ಒಳ್ಳೆಯ ಹೊಲ ಸಿಗುವಂತಿದ್ದರೂ ಯಲ್ಮಾರಿ ಬರೀ ಕಲ್ಲು ತುಂಬಿದ ಈ ಗುಡ್ಡವನ್ನು ಆರಿಸಿಕೊಂಡ. ಇಲ್ಲಿ ಆಲೂಗೆಡ್ಡೆಯೂ ಕಲ್ಲು ಸರಿಸಿ ಉಸಿರಾಡಬೇಕು. ಆದರೆ ಅಡುಗೆಮನೆಯ ಕಿಟಕಿಯಿಂದ ನೇರ ನೋಡಿದರೆ ಸೈಮಿಯ ಹೊಗೆಗೂಡು. ನಮ್ಮ ಭಾಷೆಯಲ್ಲಿ ಯಾರಾದರೂ ಯಾರಿಗಾದರೂ ಮನಸೋತರೆ ಅವರು 'ಅಂಟಿನಲ್ಲಿ ಬಿದ್ದಿದ್ದಾರೆ' ಅನ್ನುತ್ತೇವೆ. ಸೂಜಿಯೆಲೆಯ ಸ್ಪ್ರೂಸ್ ಮರ ಗಾಯವಾದಲ್ಲಿ ಸುರಿಸುತ್ತದಲ್ಲ, ಆ ಅಂಟು. ಯಲ್ಮಾರಿ ಮೂವತ್ತೈದು ವರ್ಷದಿಂದ ಅಂಟಿನಲ್ಲಿ ಬಿದ್ದಿದ್ದಾನೆ, ಇನ್ನೂ ಒಣಗಿಲ್ಲ ಎಂದು ಅಂಗಡಿಯ ಹೆಂಗಸರು ನಗುತ್ತಿದ್ದರು. ಓಸ್ಕಾರಿ ಸತ್ತು ಹದಿನೆಂಟು ವರ್ಷವಾಗಿದ್ದರೂ ಯಲ್ಮಾರಿ ಬಾಯಿ ಬಿಟ್ಟಿರಲಿಲ್ಲ. ಸೈಮಿ ಅವನ ಮನೆಗೆ ವಾರಕ್ಕೊಮ್ಮೆ ಬರುತ್ತಾಳೆ ಎಂಬುದು ಮಾತ್ರ ಅಂಗಡಿಯವರಿಗೂ ಗೊತ್ತಿರಲಿಲ್ಲ. ಅದನ್ನು ಕಂಡುಹಿಡಿದವಳು ನಾನು.

ಸಾಮಾನ್ಯವಾಗಿ ನಾನು ಬರುವಷ್ಟರಲ್ಲಿ ಅವನೇ ಪಟ್ಟಿಯ ತುದಿ ಸಡಿಲಿಸಿಟ್ಟಿರುತ್ತಿದ್ದ; ಒಂದು ಮಂಗಳವಾರ ಬೇಗ ಬಂದವಳು ಬಿಚ್ಚುವ ಮೊದಲು ಗಂಟು ನೋಡಿದೆ. ನಾನು ಪಟ್ಟಿಯ ತುದಿಯನ್ನು ಮಡಚಿ ಅಂಟುಪಟ್ಟಿ ಹಾಕುವವಳು. ಅಲ್ಲಿದ್ದದ್ದು ಗಂಟು. ಅದೂ ಮೀನುಬಲೆ ಹೆಣೆಯುವವರು ಹಾಕುವ, ಎಳೆದಷ್ಟೂ ಬಿಗಿಯುವ ಗಂಟು. ಪೆತಾಯ ಕೆರೆಯ ಸುತ್ತ ಇನ್ನೂ ಕೈಯಲ್ಲಿ ಬಲೆ ಹೆಣೆಯುತ್ತಿದ್ದವಳು ಒಬ್ಬಳೇ. ಪಟ್ಟಿ ಬಿಚ್ಚಿ ಮೂಸಿದೆ. ಆಸ್ಪತ್ರೆಯ ಮುಲಾಮಿನ ಕೆಳಗೆ ಕಾಡಿನ ವಾಸನೆ ಇತ್ತು.

“ಯಲ್ಮಾರಣ್ಣ, ಇದಕ್ಕೆ ಬೇರೆ ಏನಾದ್ರೂ ಹಚ್ತೀರಾ ಅಂತ ಎರಡು ವರ್ಷದಿಂದ ಕೇಳ್ತಿದ್ದೀನಿ.”

“ಔಷಧ ಏನಾದ್ರೂ ಹಚ್ತೀರಾ ಅಂತ ನೀನು ಕೇಳಿದ್ದೆ,” ಅಂದ. “ಇದು ಔಷಧ ಅಲ್ವಲ್ಲ ಸಿಸ್ಟರಮ್ಮ. ಇದು ಸೈಮಿ ಮುಲಾಮು. ಈ ಹುಣ್ಣಿಗೂ ಮುಂಚಿಂದ ಕಾಲು ನೋವಿಗೆ ಹಚ್ತಿದ್ದಾಳೆ.”

ಸ್ಪ್ರೂಸ್ ಅಂಟನ್ನು ಉಪ್ಪಿಲ್ಲದ ಬೆಣ್ಣೆಯಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಜೇನುಮೇಣ ಸೇರಿಸಿ ತಣಿಸುವ ಆ ಮುಲಾಮನ್ನು ನಾನು ಹಳಿಯುವವಳಲ್ಲ. ನನ್ನ ಅಜ್ಜನ ಕೊಡಲಿ ಗಾಯ ಮಾಯಿಸಿದ್ದು ಅದೇ. ಆದರೆ ಚರ್ಮಕ್ಕೆ ಒಂದು ಗುಣ ಇದೆ. ವರ್ಷಗಟ್ಟಲೆ ಸುಮ್ಮನೆ ತೆಗೆದುಕೊಂಡದ್ದನ್ನು ಒಂದು ದಿನ ಇನ್ನು ಒಲ್ಲೆ ಅನ್ನುತ್ತದೆ. ಒಮ್ಮೆ ಒಲ್ಲೆ ಅಂದರೆ ಸಾಯುವವರೆಗೂ ಮರೆಯುವುದಿಲ್ಲ. ಹಚ್ಚಿದ ಎರಡು ದಿನಕ್ಕೆ ಉರಿದು ಹೇಳುತ್ತದೆ. ಸೈಮಿ ಬರುತ್ತಿದ್ದದ್ದು ಭಾನುವಾರ. ಮಂಗಳವಾರದ ಕಾಲಿನ ಲೆಕ್ಕ ನನಗೆ ಅಲ್ಲೇ ಸರಿಹೋಯಿತು.

ನನಗೆ ಸರಿಹೋದರೆ ಸಾಲದು, ಪರೀಕ್ಷೆ ಆಗಬೇಕಿತ್ತು. ದೊಡ್ಡಾಸ್ಪತ್ರೆಯ ಚರ್ಮದ ವಿಭಾಗದಲ್ಲಿ ಬೆನ್ನಿನ ಮೇಲೆ ಸಣ್ಣ ಬಿಲ್ಲೆಗಳನ್ನು ಸಾಲಾಗಿ ಅಂಟಿಸುತ್ತಾರೆ. ಒಂದೊಂದರ ಕೆಳಗೆ ಒಂದೊಂದು ವಸ್ತು. ನಾವು ಕೊಡುತ್ತಿದ್ದ ಮುಲಾಮುಗಳು, ಅವುಗಳೊಳಗಿನ ಉಣ್ಣೆಯ ಜಿಡ್ಡು, ಸುಗಂಧ, ಮರದಂಟಿನಿಂದ ತೆಗೆದ ರಾಳ, ಕೊನೆಗೆ ಯಲ್ಮಾರಿಯ ಮನೆಯಲ್ಲಿ ಉಳಿದಿದ್ದ ಸೈಮಿಯ ಹಳೇ ಡಬ್ಬಿಯಿಂದ ನಾನು ತೆಗೆದುಕೊಂಡು ಹೋದ ಒಂದು ಚಿಟಿಕೆ. ಎರಡು ದಿನದ ಮೇಲೆ ಕಿತ್ತು ನೋಡಿ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಲ್ಲಿಯವರೆಗೆ ಬೆನ್ನಿಗೆ ನೀರು ತಾಗಿಸಬಾರದು. ಇಷ್ಟನ್ನೂ ನಾನು ಎರಡು ಸಲ ಹೇಳಿದೆ, ಅವನು ಎರಡು ಸಲ ತಲೆಯಾಡಿಸಿದ.

ಮೊದಲ ಸಲ ಬಿಲ್ಲೆ ಅಂಟಿಸಿಕೊಂಡು ಬಂದದ್ದು ಶುಕ್ರವಾರ. ಸೋಮವಾರ ಅಂಗಿ ಬಿಚ್ಚಿದರೆ ಬೆನ್ನು ಬರಿದು. ಬಿಲ್ಲೆಗಳೆಲ್ಲ ಒಳಂಗಿಯ ಕೆಳ ಅಂಚಿನಲ್ಲಿ ಮುದ್ದೆಯಾಗಿ ಕೂತಿದ್ದವು. ಶನಿವಾರ ಸೌನಾಕ್ಕೆ ಹೋಗಿದ್ದ. ನಾನು ತಲೆಯ ಮೇಲೆ ಕೈಹೊತ್ತು ಕೂತೆ.

“ಬೆನ್ನಿಗೆ ನೀರು ಹಾಕಬೇಡಿ ಅಂದಿದ್ದೆ ನೀನು. ಹಾಕಲಿಲ್ಲ,” ಅಂದ. “ಕಲ್ಲಿಗೆ ಹಾಕ್ದೆ.”

ಕಾದ ಕಲ್ಲಿಗೆ ನೀರು ಹಾಕಿ ಅದರ ಹಬೆಯಲ್ಲಿ ಬೆವರಿದವನ ಬೆನ್ನಿನ ಮೇಲೆ ಯಾವ ಬಿಲ್ಲೆ ನಿಲ್ಲುತ್ತದೆ? ಶನಿವಾರದ ಸೌನಾ ಬಿಡು ಅನ್ನಬೇಕು ಎಂದು ಆಸ್ಪತ್ರೆಯ ಡಾಕ್ಟರಿಗೂ ಹೊಳೆದಿರಲಿಲ್ಲ, ಬಿಡುತ್ತಾರೆ ಎಂದು ನಾವು ಯಾರೂ ನಂಬುವುದೂ ಇಲ್ಲ. ಮತ್ತೆ ಸರದಿ ಸಿಗಲು ಎರಡು ತಿಂಗಳಾಯಿತು. ಆ ಸಲ ಸೋಮವಾರವೇ ಅಂಟಿಸುವಂತೆ ಮಾಡಿದೆ. ಶುಕ್ರವಾರ ಬೆನ್ನು ನೋಡಿದರೆ ಎಲ್ಲಾ ಕಡೆ ಚರ್ಮ ಶುಚಿ. ಎರಡು ಕಡೆ ಮಾತ್ರ ಕೆಂಪಗೆ ಊದಿ, ಗುಳ್ಳೆ ಎದ್ದಿತ್ತು. ಒಂದು ರಾಳ. ಇನ್ನೊಂದು ಸೈಮಿಯ ಚಿಟಿಕೆ.

ಮನೆಗೆ ಬರುವ ದಾರಿಯುದ್ದಕ್ಕೂ ಅವನು ಕಾರಿನ ಕಿಟಕಿಯ ಆಚೆ ನೋಡುತ್ತ ಕೂತಿದ್ದ. ನಿಮ್ಮ ಮುಲಾಮಿನದೇ ತಪ್ಪಿರಬಹುದಲ್ಲ, ಬಿಲ್ಲೆ ಅದಲುಬದಲಾಗಿರಬಹುದಲ್ಲ ಎಂದು ಒಂದೆರಡು ಸಲ ಕೇಳಿದ. ಇಲ್ಲ ಅಂದೆ. ಸೈಮಿಗೆ ನೀನು ಹೇಳಬೇಡ, ನಾನೇ ಹೇಳುತ್ತೇನೆ ಅಂದ. ಸರಿ, ಅದು ನನ್ನ ಬಾಯಿಂದ ಹೊರಬರುವ ಮಾತೂ ಅಲ್ಲ ಅಂದೆ. ಹೇಳಿ ಮುಗಿಸುತ್ತಾನೆ ಅಂದುಕೊಂಡೆ.

ಆ ಮೇಲಿನ ಮಂಗಳವಾರ ಕಾಲು ಬಿಚ್ಚಿದೆ. ಅದೇ ಗಂಟು. ಅದೇ ಕೆಂಪು.

ನನಗೆ ಕೋಪ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ವಾರಕ್ಕೆ ಎರಡು ಸಲ ಕೆಸರು ರಸ್ತೆಯಲ್ಲಿ ಬಂದು ನಾನು ಮಾಯಿಸುವುದನ್ನು ಇವನು ಭಾನುವಾರ ಹಾಳುಮಾಡಿಕೊಳ್ಳುತ್ತಾನೆ. ಗಾಯ ತೊಳೆದೆ. ಅವನು ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದ.

“ಅವಳು ದೋಣಿ ಕಟ್ಟಿ ಬರ್ತಾಳೆ. ಡಬ್ಬಿ ಮೇಜಿನ ಮೇಲಿಡ್ತಾಳೆ. ಮುಲಾಮು ತಂದಿದ್ದೀನಿ, ಕಾಲು ತೋರ್ಸು ಅಂತಾಳೆ. ಆಮೇಲೆ ಅಲ್ಲಿ, ನೀನು ಕೂತಿದ್ದೀಯಲ್ಲ, ಅಲ್ಲೇ ಮೊಣಕಾಲೂರಿ ಕೂತ್ಕೋತಾಳೆ. ಕಾಫಿ ಕುಡಿಯೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇರ್ತಾಳೆ. ಇಷ್ಟೇ ಸಿಸ್ಟರಮ್ಮ. ಇದು ಬಿಟ್ರೆ ಬೇರೆ ಇಲ್ಲ.”

“ಮುಲಾಮು ಇಲ್ದೆ ಬರಬಾರದಾ?”

“ಏನು ಕೆಲಸ ಅಂತ ಬರ್ತಾಳೆ?”

ನಮ್ಮ ಕಡೆ ಕೆಲಸವಿಲ್ಲದೆ ಯಾರೂ ಯಾರ ಬಾಗಿಲಿಗೂ ಹೋಗುವುದಿಲ್ಲ. ಗರಗಸ ಕೇಳಲು, ಮೀನು ಕೊಡಲು, ಹಸು ಕಂಡಿರಾ ಎಂದು ವಿಚಾರಿಸಲು ಹೋಗುತ್ತೇವೆ. ಬಾಗಿಲಲ್ಲಿ ನಿಂತವನನ್ನು ಏನು ಕೆಲಸ ಎಂದು ಕೇಳುವುದೇ ನಮ್ಮ ಉಪಚಾರ. ಕೆಲಸ ಹೇಳಿದ ಮೇಲೆ ಕಾಫಿ. ಇಬ್ಬರ ಮನೆಯಲ್ಲೂ ಟೆಲಿಫೋನು ಇತ್ತು, ಹೇಳಲು ಕೆಲಸವಿಲ್ಲದೆ ಅದು ಗೋಡೆಯ ಮೇಲೆ ಸುಮ್ಮನೆ ನೇತಾಡುತ್ತಿತ್ತು. ಗಂಡು ತಾನಾಗಿ ದಾಟಿ ಹೋಗೋಣವೆಂದರೆ ಇವನ ಕಾಲು ಇಂಥದ್ದು. ರಸ್ತೆಯ ಮೇಲೆ ಸುತ್ತಿ ಹೋದರೆ ಮೂವತ್ತು ಕಿಲೋಮೀಟರು, ಇಬ್ಬರಿಗೂ ಕಾರಿಲ್ಲ.

ನಾನು ಪಟ್ಟಿ ಸುತ್ತಿ ಮುಗಿಸಿ, “ಒಂದು ಮಾತು ಹೇಳ್ತೀನಿ ಯಲ್ಮಾರಣ್ಣ. ಕಾಲೇ ಹೋದ್ರೆ ಅವರು ಮುಲಾಮು ಎಲ್ಲಿಗೆ ಹಚ್ತಾರೆ?” ಅಂದೆ.

ಅವನು ಮೊದಲು ನಕ್ಕ. ಆಮೇಲೆ ನಗು ನಿಂತಿತು.

ಅಕ್ಟೋಬರಿನ ಕೊನೆಯ ಭಾನುವಾರ ಹೇಳಿದನಂತೆ. ಹೇಗೆ ಹೇಳಿದಿರಿ ಎಂದು ಕೇಳಿದ್ದಕ್ಕೆ ತಲೆ ತಗ್ಗಿಸಿದ. ವಾರಗಟ್ಟಲೆ ಮನಸ್ಸಿನಲ್ಲಿ ಚೆನ್ನಾಗಿ ಜೋಡಿಸಿಟ್ಟುಕೊಂಡ ಮಾತು, ಅವಳು ಡಬ್ಬಿಯ ಮುಚ್ಚಳ ತೆಗೆದ ಕೂಡಲೇ, 'ನಿನ್ನ ಮುಲಾಮು ನನ್ನ ಕಾಲು ತಿಂತಾ ಇದೆ' ಎಂದು ಹೊರಬಿದ್ದಿತ್ತು. ಸೈಮಿ ಮುಚ್ಚಳ ಹಾಕಿದಳು. ಕೈಗವಸು ಏರಿಸಿದಳು, ತಲೆವಸ್ತ್ರ ಕಟ್ಟಿಕೊಂಡಳು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದಳು. ದೋಣಿ ಕಣ್ಣಿಗೆ ಮಸುಕಾಗುವವರೆಗೂ ಒಮ್ಮೆಯೂ ಈ ಕಡೆ ನೋಡಲಿಲ್ಲ. ಹುಟ್ಟು ಹಾಕುವವರ ಮುಖ ಬಿಟ್ಟ ದಡದ ಕಡೆಗೇ ಇರುತ್ತದೆ, ಆದರೂ ಅವಳು ಇಡೀ ದಾರಿ ತಲೆ ಬಗ್ಗಿಸಿಯೇ ಹೋದಳು ಎಂದ. ಆ ಅರ್ಧ ಕಾಫಿಯ ಕಪ್ಪು ಕಿಟಕಿಯ ಕಟ್ಟೆಯ ಮೇಲೆ ಇತ್ತು. ತೊಳೆಯಲು ಕೈಹಾಕಿದೆ. ಇರಲಿ ಬಿಡು ಅಂದ.

ಎರಡು ವಾರಕ್ಕೆ ಕೆರೆ ಕೆನೆಗಟ್ಟಿತು. ದೋಣಿಗೆ ದಾರಿ ಬಿಡದಷ್ಟು ಗಟ್ಟಿ, ಮನುಷ್ಯ ನಡೆಯಲಾಗದಷ್ಟು ತೆಳು. ವರ್ಷದಲ್ಲಿ ಎರಡು ಸಲ ಬರುವ ಈ ದಿನಗಳಲ್ಲಿ ನಮ್ಮ ಕೆರೆ ಯಾರದೂ ಅಲ್ಲ. ಯಲ್ಮಾರಿ ಬೆಳಗಾದರೆ ಕಿಟಕಿಗೆ ಕೂರುತ್ತಿದ್ದ. ಸೈಮಿಯ ಹೊಗೆಗೂಡು ಎಷ್ಟು ಹೊತ್ತಿಗೆ ಹೊಗೆ ಬಿಟ್ಟಿತು, ಹೊಗೆ ಯಾವ ಕಡೆ ಬಾಗಿತು ಎಂದು ನಾನು ಕೇಳದಿದ್ದರೂ ಹೇಳುತ್ತಿದ್ದ. ನೆಟ್ಟಗೆ ಹೋದರೆ ಚಳಿ ಬರುತ್ತದೆ, ಮಂಜು ಗಟ್ಟಿಯಾಗುತ್ತದೆ ಅನ್ನುತ್ತಿದ್ದ. ಕಾಲು ಮಾತ್ರ ಹಟ ಬಿಟ್ಟಿತ್ತು. ಮಂಗಳವಾರದ ಕಾಲೂ ಶುಕ್ರವಾರದ ಕಾಲೂ ಒಂದೇ ಆದವು. ಗಾಯ ವಾರದಿಂದ ವಾರಕ್ಕೆ ಕಿರಿದಾಯಿತು. ನಾನು ಅಳತೆ ಹಿಡಿದು ಹೇಳಿದರೆ ಅವನು ಹೂಂ ಅನ್ನುತ್ತಿದ್ದ. ಇತ್ತ ಬ್ರೆಡ್ಡು ಡಬ್ಬಿಯಲ್ಲಿ ಒಣಗುತ್ತಿತ್ತು, ಪ್ಯಾಂಟಿನ ಬೆಲ್ಟು ಹೊಸ ತೂತಿಗೆ ಬಂದಿತ್ತು.

ನಾನು ಗುರುವಾರಗಳಲ್ಲಿ ಆಚೆ ದಡದ ಸಣ್ಣ ಆಸ್ಪತ್ರೆಯಲ್ಲಿ ಕೂರುತ್ತಿದ್ದೆ. ನವೆಂಬರಿನ ಕೊನೆಗೆ ಒಂದು ಗುರುವಾರ ಸೈಮಿ ಬಂದಳು. ಹತ್ತು ವರ್ಷದಲ್ಲಿ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕೂತವಳು ಕೈಗವಸು ತೆಗೆಯಲು ಬಹಳ ಹೊತ್ತು ಮಾಡಿದಳು. ಒಳಗೆ ಹತ್ತಿಯ ಇನ್ನೊಂದು ಜೊತೆ ಇತ್ತು. ಅದನ್ನೂ ತೆಗೆದಳು. ಬೆರಳ ಸಂದುಗಳೆಲ್ಲ ಸೀಳು ಬಿಟ್ಟು, ಗೆಣ್ಣಿನ ಮೇಲಿನ ಚರ್ಮ ಹಳೆಯ ಮರದ ತೊಗಟೆಯ ಹಾಗೆ ದಪ್ಪಗಟ್ಟಿತ್ತು. ಬೇಸಿಗೆಯಲ್ಲೂ ಈಕೆ ಅಂಗಡಿಗೆ ಹತ್ತಿಯ ಗವಸು ಹಾಕಿಕೊಂಡು ಬರುತ್ತಿದ್ದದ್ದು ನೆನಪಾಯಿತು. ವಯಸ್ಸಿಗೆ ಬಂದ ಬಿಂಕ ಎಂದು ನಾವೆಲ್ಲ ಆಡಿಕೊಂಡಿದ್ದೆವು.

ಎಷ್ಟು ದಿನದಿಂದ ಎಂದು ಕೇಳಿದೆ. ಆರು ವರ್ಷ ಅಂದಳು. ಯಾವಾಗ ಹೆಚ್ಚು ಅಂದೆ. ಅಂಟು ಕಾಯಿಸಿದ ಎರಡನೇ ದಿನ ಹೆಚ್ಚು. ಈ ತಿಂಗಳು ಕಾಯಿಸಿಲ್ಲ, ಕೊಂಚ ಪರವಾಗಿಲ್ಲ ಅಂದಳು.

“ಅಂದ್ರೆ ಇದು ಅಂಟಿಂದ ಅಂತ ನಿಮಗೆ ಗೊತ್ತಿತ್ತು, ಸೈಮಕ್ಕ.”

“ನನ್ನ ಕೈ ನನಗೆ ಗೊತ್ತಾಗಲ್ವಾ?”

“ಗೊತ್ತಿದ್ದೂ ಯಾಕೆ ಕಾಯಿಸ್ತಿದ್ರಿ?”

ಅವಳು ಕೈಗಳನ್ನು ಮಡಿಲಲ್ಲಿ ಮಗುಚಿಟ್ಟುಕೊಂಡಳು. ಕಿಟಕಿಯ ಆಚೆ ಬೂದಿ ಬಣ್ಣದ ಕೆರೆ ಇತ್ತು, ಅದರಾಚೆ ಕಲ್ಲುಗುಡ್ಡದ ಮೇಲೆ ಒಂದು ಮನೆ.

“ಕೆರೆ ದಾಟೋಕೆ ಏನಾದ್ರೂ ಒಂದು ಕೆಲಸ ಬೇಕಲ್ಲಮ್ಮ,” ಅಂದಳು. ತೆಗೆದಿಟ್ಟ ಗವಸು ಮಡಚುತ್ತ, “ಈಗ ಅದೂ ಇಲ್ಲ. ಅವನ ಕಾಲು ತಿಂದವಳು ನಾನೇ ಅಂತೆ. ಇನ್ನು ಏನು ಕೆಲಸ ಅಂತ ಹೋಗಲಿ?”

ಮೂವತ್ತು ವರ್ಷದ ನರ್ಸ್ ಕೆಲಸದಲ್ಲಿ ಬಾಯಿ ಮುಚ್ಚಿಕೊಂಡಿರುವುದು ನನಗೆ ಅಷ್ಟು ಕಷ್ಟವಾದ ದಿನ ಇನ್ನೊಂದಿಲ್ಲ. ಒಬ್ಬ ರೋಗಿಯ ಮಾತು ಇನ್ನೊಬ್ಬ ರೋಗಿಯ ಕಿವಿಗೆ ಹಾಕುವಂತಿಲ್ಲ. ಕಿಟಕಿಯಲ್ಲಿ ಕೂತು ನಿನ್ನ ಹೊಗೆ ಎಣಿಸುತ್ತಾನೆ ಎಂದು ಇವಳಿಗೆ ಹೇಳುವ ಹಾಗಿಲ್ಲ, ಇವಳ ಕೈ ನೋಡಿದೆ ಎಂದು ಅವನಿಗೆ ಹೇಳುವ ಹಾಗಿಲ್ಲ.

ಆದರೆ ಒಂದು ದಾರಿ ಇತ್ತು. ನನ್ನ ಹಿಂದಿನ ಕಪಾಟಿನಲ್ಲಿ ಬ್ಯಾಂಡೇಜಿನ ಸುರುಳಿಗಳಿದ್ದವು. ಒಂದು ಕಟ್ಟು ತೆಗೆದು ಇವಳ ಕೈಗಿಟ್ಟು, ಮಂಜು ಗಟ್ಟಿಯಾದ ಮೇಲೆ ಇದನ್ನು ಯಲ್ಮಾರಿಗೆ ತಲುಪಿಸಿಬಿಡಿ ಅಂದರೆ ಸಾಕಿತ್ತು. ಒಳ್ಳೆಯ, ಮರ್ಯಾದೆಯ ಕೆಲಸ. ಎದ್ದೆ. ಕಪಾಟಿನ ಬಾಗಿಲು ತೆಗೆದೆ. ಸುರುಳಿಯನ್ನು ಕೈಯಲ್ಲಿ ಹಿಡಿದೂ ಆಯಿತು.

ಆಗ ಹೊಳೆಯಿತು. ಇದನ್ನು ಕೊಟ್ಟರೆ ಅವಳು ಪ್ರತಿ ಭಾನುವಾರ ಬ್ಯಾಂಡೇಜು ಒಯ್ಯುತ್ತಾಳೆ. ಗಾಯ ಮಾಯ್ದರೆ ಮೀನು ಒಯ್ಯುತ್ತಾಳೆ, ಮೀನು ಸಿಗದಿದ್ದರೆ ಉಪ್ಪು ಕೇಳಲು ಹೋಗುತ್ತಾಳೆ. ಅವನು ಏನು ಕೆಲಸ ಅನ್ನುತ್ತಾನೆ, ಇವಳು ಕೆಲಸ ಹೇಳುತ್ತಾಳೆ. ಹೀಗೇ ಒಬ್ಬರನ್ನು ಚರ್ಚಿನ ಹಿಂದೆ ಮಣ್ಣು ಮಾಡುವವರೆಗೂ ನಡೆಯುತ್ತದೆ. ಸುರುಳಿಯನ್ನು ಅಲ್ಲೇ ಇಟ್ಟು ಬಾಗಿಲು ಹಾಕಿದೆ. ಅವಳ ಕೈಗೆ ಬೇಕಾದ ಮುಲಾಮು ಬರೆಸಿಕೊಟ್ಟೆ, ಇನ್ನು ಅಂಟು ಮುಟ್ಟಬೇಡಿ ಅಂದೆ. ಇನ್ನು ಯಾಕೆ ಮುಟ್ಟಲಿ ಅಂದಳು. ಎರಡೂ ಜೊತೆ ಗವಸು ಹಾಕಿಕೊಂಡು ಹೋದಳು.

ಕಾರಿನಲ್ಲಿ ಬರುವಾಗ ಮಾಡಿದ್ದು ಸರಿಯೋ ತಪ್ಪೋ ಎಂದು ಮೂವತ್ತು ಕಿಲೋಮೀಟರೂ ಯೋಚಿಸಿದೆ. ಹಸಿದವನ ಕೈಯಿಂದ ಒಣ ಬ್ರೆಡ್ಡು ಕಿತ್ತುಕೊಂಡ ಹಾಗಾಯಿತೇ ಅನ್ನಿಸುತ್ತಿತ್ತು. ಆ ಶುಕ್ರವಾರ ಯಲ್ಮಾರಿಯ ಮುಖ ನೋಡಿದ ಮೇಲಂತೂ ತಪ್ಪೇ ಅನ್ನಿಸಿತು.

ಡಿಸೆಂಬರಿನ ಎರಡನೇ ಮಂಗಳವಾರ ಪಟ್ಟಿ ಬಿಚ್ಚಿದೆ. ಗಾಯ ಮುಚ್ಚಿತ್ತು. ಈರುಳ್ಳಿ ಪದರದಂಥ ಹೊಸ ಚರ್ಮ, ಒಂದು ಹನಿ ಒಸರಿಲ್ಲ. ಇನ್ನು ವಾರ್ಡಿನ ಮಾತಿಲ್ಲ, ಉದ್ದ ಕಾಲುಚೀಲ ಹಾಕಿಕೊಂಡಿದ್ದರೆ ಸಾಕು, ತಿಂಗಳಿಗೊಮ್ಮೆ ನೀವೇ ಬಂದು ತೋರಿಸಿ ಅಂದೆ. ಖುಷಿಪಡುತ್ತಾನೆಂದು ಕಾದೆ.

“ಅಂದ್ರೆ ಇನ್ನು ನೀನೂ ಬರಲ್ಲ,” ಅಂದ.

ನಾನು ಬೇಸಿನ್ನು ಎತ್ತಿಕೊಂಡು ಅಡುಗೆಕಟ್ಟೆಗೆ ಹೋದೆ. ಹಿಂದಿನ ವಾರವೆಲ್ಲ ಹೊಗೆ ನೆಟ್ಟಗೇ ಹೋಗಿತ್ತು. ಚಳಿಗಾಲದಲ್ಲಿ ನಮ್ಮ ಕಡೆ ಮಧ್ಯಾಹ್ನದ ಹೊತ್ತು ಮಾತ್ರ ಬರುವ ಮಬ್ಬು ಬೆಳಕು ಇತ್ತು, ಕೆರೆಯ ಮೇಲೆ ತೆಳ್ಳಗೆ ಹಿಮ ಬಿದ್ದು ಬಿಳುಪಾಗಿತ್ತು. ನೀರು ಚೆಲ್ಲುತ್ತ ತಲೆಯೆತ್ತಿದವಳಿಗೆ ಆ ಬಿಳುಪಿನ ನಡುವೆ ಒಂದು ಕಪ್ಪು ಚುಕ್ಕೆ ಕಾಣಿಸಿತು. ಚುಕ್ಕೆ ಚಲಿಸುತ್ತಿತ್ತು. ಕಾಲಿಂದ ಒದ್ದುಕೊಂಡು ಓಡಿಸುವ ಕುರ್ಚಿಯ ಹಿಮಬಂಡಿ. ಒಂದು ಒದೆ, ಜಾರು. ಇನ್ನೊಂದು ಒದೆ, ಜಾರು.

ಯಲ್ಮಾರಿಯೂ ನೋಡಿದ್ದ. ಎರಡು ಕೈಯಲ್ಲಿ ಕಿಟಕಿಯ ಕಟ್ಟೆ ಹಿಡಿದುಕೊಂಡಿದ್ದ. ಇವತ್ತು ಭಾನುವಾರ ಅಲ್ಲವಲ್ಲ ಎಂದು ತನಗೆ ತಾನೇ ಅಂದುಕೊಂಡ. ಹೊಗೆ ಕಂಡರೂ ಸಣ್ಣ ವಸ್ತು ಕಾಣದಷ್ಟು ಅವನ ದೂರದ ಕಣ್ಣು ಮಂದವಾಗಿತ್ತು.

“ಸಿಸ್ಟರಮ್ಮ, ಬಂಡಿಯ ಕುರ್ಚಿ ಮೇಲೆ ಏನಿದೆ ನೋಡು.”

ನೋಡಿದೆ. “ಏನೂ ಇಲ್ಲ.”

“ಡಬ್ಬಿ? ಬುಟ್ಟಿ? ಮೀನಿನ ಚೀಲ?”

“ಖಾಲಿ ಯಲ್ಮಾರಣ್ಣ.”

“ಸರಿಯಾಗಿ ನೋಡು.”

“ಸರಿಯಾಗೇ ನೋಡ್ತಿದ್ದೀನಿ. ಬರಿ ಕುರ್ಚಿ.”

ಚುಕ್ಕೆಗೆ ತಲೆವಸ್ತ್ರ ಬಂತು, ಕೈ ಬಂತು. ಆಮೇಲೆ ಅವನು ಬರಿಗಾಲಲ್ಲೇ, ಹೊಸ ಚರ್ಮದ ಕಾಲಲ್ಲಿ, ಒಲೆಯ ಹತ್ತಿರ ಹೋಗಿ ಕಾಫಿ ಪಾತ್ರೆಗೆ ನೀರು ತುಂಬಿದ. ಪುಡಿ ಎಷ್ಟು ಚಮಚ ಹಾಕಿದೆ ಎಂದು ಮರೆತು ಮತ್ತೆ ಮೊದಲಿಂದ ಹಾಕಿದ. ನಾನು ನನ್ನ ಚೀಲ ಕಟ್ಟಿಕೊಂಡು ಕೋಟು ಹಾಕಿಕೊಂಡೆ. ಕಾಫಿ ಕುಡಿದು ಹೋಗು ಎಂದು ಅವನು ಹೇಳಲಿಲ್ಲ, ನಾನೂ ನಿರೀಕ್ಷಿಸಲಿಲ್ಲ.

ಬಾಗಿಲಲ್ಲಿ ತಿರುಗಿ ನೋಡಿದಾಗ ಅವನು ಕಿಟಕಿಯ ಕಟ್ಟೆಯ ಮೇಲಿದ್ದ ಅವಳ ಅರ್ಧ ಕಾಫಿಯ ಕಪ್ಪನ್ನು ತೆಗೆದುಕೊಂಡು ಬಂದು, ಒಣಗಿ ಕಪ್ಪಿಟ್ಟ ಕಾಫಿಯನ್ನು ಬಿಸಿನೀರಲ್ಲಿ ನೆನೆಸಿ, ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ತೊಳೆಯುತ್ತಿದ್ದ.